ದೇವೇಂದ್ರಪ್ಪನ ಕಟ್ಟಿಗೆ ಒಟ್ಟಿಲು

ನನ್ನ ಮಾವ ದೇವೇಂದ್ರಪ್ಪ ಬದುಕಿರುವಷ್ಟು ದಿನ ಎದುರಿಗೆ ಬಹುವಚನ ಕೊಟ್ಟಿದ್ದೇನೆ. ಬರೆಯುವಾಗಲೂ ಕೊಡಬೇಕೆಂದರೆ ನನ್ನಿಂದಾಗದು.

ಮಲ್ಲಸಮುದ್ರದಲ್ಲಿ ಅವನನ್ನು ಜನ ಗುರುತಿಸುತ್ತಿದ್ದುದು ಅವನ ಒಟ್ಟಿಲಿನಿಂದ. ಕರಿಮಣ್ಣಿನ ಊರು, ಗಿಡ ಕಡಿಮೆ. ಉಳಿದವರ ಮನೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸಗಣಿ ಕುಳ್ಳು ಉರಿಯುತ್ತಿದ್ದವು. ಇವನ ಮನೆಯ ಪಕ್ಕದಲ್ಲಿ ಮಾತ್ರ ಬೀದಿಗೆ ಮುಖ ಮಾಡಿ ಜಾಲಿಕಟ್ಟಿಗೆಯ ಒಟ್ಟಿಲು: ಆಳೆತ್ತರ, ನಾಲ್ಕು ಸಾಲು ದಪ್ಪ. ಪ್ರತಿ ಸೀಳೂ ಒಂದು ಮೊಳ, ಒಂದು ಗೇಣು. ಶಿರಹಟ್ಟಿಯಿಂದ ನನಗಾಗಿ ಕನ್ಯೆ ನೋಡಲು ಬಂದ ನನ್ನಪ್ಪ ಮೊದಲು ನೋಡಿದ್ದು ಅದನ್ನೇ. "ಇಷ್ಟ ಕಟ್ಟಿಗಿ ಇರೋ ಮನ್ಯಾಗ ಕಾಳಿಗೇನ ಬರ ಐತಿ?" ಎಂದು, ಹುಡುಗಿ ಹೊರಗೆ ಬರುವ ಮೊದಲೇ ಒಪ್ಪಿಬಿಟ್ಟ. ನಾನೂ ಬಾಯಿ ತೆರೆದು ನಿಂತಿದ್ದೆ. ಆ ದಡ್ಡತನದಲ್ಲಿ ನನಗೂ ಪಾಲಿದೆ.

ಕೊಡಲಿ ಹಿಡಿದ ಮಾವನನ್ನು ನೋಡಲು ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ನಿಲ್ಲಲಿ ಎಂದೇ ಅವನು ಬೀದಿ ಬದಿಗೆ ಬಂದು ಸೀಳುತ್ತಿದ್ದ. ನೆಟ್ಟಗಿನ ತುಂಡು ಒಂದೇ ಏಟಿಗೆ ಎರಡಾದಾಗ ಸುತ್ತ ಕಣ್ಣು ಹಾಯಿಸುತ್ತಿದ್ದ. ಗಂಟಿರುವ ತುಂಡು ಬಂದರೆ ಸದ್ದಿಲ್ಲದೆ ಹಿಂದಕ್ಕೆ ಎಸೆಯುತ್ತಿದ್ದ. ಅವೆಲ್ಲ ನನ್ನ ಅತ್ತೆ ಗದಿಗೆವ್ವನ ಪಾಲು. ಅವಳು ಗಂಟನ್ನು ತಿರುವಿ ನೋಡಿ, ಅಂಚಿನಲ್ಲಿ ಬಿರುಕು ಹುಡುಕಿ, ಕಬ್ಬಿಣದ ಬೆಣೆ ಇಟ್ಟು ಬಡಿಯುತ್ತಿದ್ದಳು. ಊರಿನಲ್ಲಿ ಕಟ್ಟಿಗೆ ಸೀಳುವುದು ಯಾರಿಗಾದರೂ ಬರುತ್ತಿದ್ದರೆ ಅವಳಿಗೆ. ಅದನ್ನು ನೋಡಲು ಯಾರೂ ನಿಲ್ಲುತ್ತಿರಲಿಲ್ಲ.

ಒಟ್ಟಿಲಿನಿಂದ ಒಂದು ಸೀಳನ್ನೂ ಅವಳು ಮುಟ್ಟುವಂತಿರಲಿಲ್ಲ. ಇಪ್ಪತ್ತು ವರ್ಷ ಗಂಟು, ಬೇರು, ಹಸಿ ಹತ್ತಿಕಟ್ಟಿಗೆ ಊದಿ ಊದಿ ಅವಳ ಕಣ್ಣು ಕೆಂಪಾಗಿಯೇ ಉಳಿದವು. "ಅದು ಮನಿ ಮರ್ಯಾದಿ. ಮರ್ಯಾದಿ ಯಾರಾದರೂ ಸುಡತಾರೇನು?" ಎನ್ನುತ್ತಿದ್ದ ಮಹಾನುಭಾವ.

ಐವತ್ತಾರರ ಆಷಾಢದಲ್ಲಿ ನನ್ನ ಹೆಂಡತಿ ರೇಣುಕವ್ವ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಶ್ರಾವಣದಲ್ಲಿ ಗಂಡು ಕೂಸು. ಮೊಲಕ್ಕಿಂತ ಸ್ವಲ್ಪ ದೊಡ್ಡದು, ಮುಟ್ಟಿದರೆ ತಣ್ಣಗೆ. ಮಳೆ ಹಿಡಿದುಕೊಂಡಿತ್ತು. ಬಾಣಂತಿಗೆ ದಿನಕ್ಕೆ ಎರಡು ಹಂಡೆ ಬಿಸಿನೀರು, ಮಲಗುವ ಹೊರಸಿನ ಕೆಳಗೆ ಕೆಂಡ ಬೇಕೇ ಬೇಕು. ಕುಳ್ಳು ತೊಯ್ದಿದ್ದವು, ಹತ್ತಿಕಟ್ಟಿಗೆಯಲ್ಲಿ ಹೊಗೆ ಬಿಟ್ಟರೆ ಉರಿಯಿಲ್ಲ. ಸೂಲಗಿತ್ತಿ ರಾಮವ್ವ, "ಕೂಸಿಗೆ ಶೀತ ಹತ್ತಿದ್ರ ಉಳಿಯಂಗಿಲ್ಲ ನೋಡವಾ" ಎಂದು ಹೇಳಿಯೇ ಹೋಗಿದ್ದಳು.

ಅತ್ತೆ ಗಂಡನ ಮುಂದೆ ನಿಂತು ಕೇಳಿದಳು. "ಒಂದ್ ಸಾಲು ಕೊಡ್ರಿ. ಮಗಳ ಬಾಣಂತನ ಐತಿ."

"ಮಳ್ಯಾಗ ಒಟ್ಟಿಲು ಕೆಡವಿದ್ರ ನೋಡಿದವ್ರು ಏನಂದಾರು? ದೇವೇಂದ್ರಪ್ಪಗ ಬ್ಯಾರೆ ಕಟ್ಟಿಗಿ ಇಲ್ಲಂತ ನಗತಾರ. ಹ್ಯಾಂಗರ ಮಾಡು."

ಅವಳು ಹ್ಯಾಗೋ ಮಾಡಿದಳು. ಒಟ್ಟಿಲಿನ ಹಿಂಬದಿ ಬಚ್ಚಲಿಗೆ ತಾಗಿತ್ತು. ಬಾಣಂತಿ ನೀರು ಹಾಕಿಕೊಳ್ಳುವ ಕಡೆ ಗಂಡಸರು ಕಾಲಿಡುವುದಿಲ್ಲ, ಮಾವನ ಜಳಕವಂತೂ ಭಾವಿಯ ಮೇಲೆ. ತನ್ನ ಒಟ್ಟಿಲನ್ನು ಅವನು ಜೀವನದಲ್ಲಿ ಬೀದಿಯಿಂದಲ್ಲದೆ ನೋಡಿದವನೇ ಅಲ್ಲ.

ಭಾದ್ರಪದದಲ್ಲಿ ನಾನು ಮಗನನ್ನು ನೋಡಲು ಹೋದೆ. ಕೋಣೆ ಬೆಚ್ಚಗಿತ್ತು, ಹೊಗೆಯಿರಲಿಲ್ಲ. ಕೂಸು ಮೈ ತುಂಬಿಕೊಂಡಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಬರ್ರಿ ಅಳಿಯಂದ್ರ, ನಿಮಗ ತೋರಸ್ತೀನಿ. ಯಾರಿಗೂ ಅನಬ್ಯಾಡ್ರಿ ಮತ್ತ" ಎಂದು ಬಚ್ಚಲಿನ ಕಡೆ ಕರೆದೊಯ್ದಳು. ನಾಲ್ಕು ಸಾಲಿನಲ್ಲಿ ಮೂರು ಖಾಲಿ. ಬೀದಿ ಕಡೆಯ ಒಂದೇ ಸಾಲು ಎರಡು ಬಿದಿರಿನ ಆಸರೆಯಲ್ಲಿ ನಿಂತಿತ್ತು. ನಾನು ಇನ್ನೆರಡು ಗೂಟ ಹೂತು ಬಂದೆ. ಹೊರಗೆ ಮಾವ ಎದುರಿನ ಕಟ್ಟೆಯ ಮೇಲೆ ಕೂತು ಒಟ್ಟಿಲನ್ನೇ ನೋಡುತ್ತಿದ್ದ. "ಹ್ಯಾಂಗೈತ್ರಿ?" ಎಂದ. "ಕೂಸು ಚಲೋ ಐತ್ರಿ" ಎಂದೆ. "ನಾ ಒಟ್ಟಿಲು ಕೇಳಿದ್ದು" ಎಂದ. ಅವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನವೆಂಬರ್ ಒಂದಕ್ಕೆ ನಾವು ಕನ್ನಡದವರೆಲ್ಲ ಒಂದೇ ರಾಜ್ಯದವರಾದೆವು. ಊರವರು ಸೇರಿ ಎಲ್ಲರಿಗೂ ಗೋಧಿ ಹುಗ್ಗಿ ಮಾಡಿಸಬೇಕೆಂದು ಮಾತಾಯಿತು. ಒಬ್ಬರು ಗೋಧಿ ಎಂದರು, ಒಬ್ಬರು ಬೆಲ್ಲ ಎಂದರು. ಮಾವ ಎದ್ದು ನಿಂತು, ರುಮಾಲು ಸರಿಮಾಡಿಕೊಂಡು, "ಕಟ್ಟಿಗಿ ಅಷ್ಟೂ ನಂದು. ಇಡೀ ಒಟ್ಟಿಲು ಹೇರಿಕೊಂಡು ಹೋಗ್ರಿ!" ಎಂದ. ಚಪ್ಪಾಳೆ ಬಿದ್ದವು. ಮಗಳಿಗೆ ಒಂದು ಸಾಲು ಕೊಡದ ಕೈ ಚಪ್ಪಾಳೆಗೆ ನಾಲ್ಕೂ ಸಾಲು ಕೊಟ್ಟಿತು.

ಮರುದಿನ ಬೆಳಿಗ್ಗೆ ಊರ ಹಿರಿಯ ಕುಬೇರಪ್ಪ ಬಂಡಿ ತಂದ, ಹಿಂದೆ ಅರ್ಧ ಊರು. ಹೆಂಡತಿ, ಮಗನನ್ನು ನೋಡಲು ಬಂದಿದ್ದ ನಾನೂ ಇದ್ದೆ. ಮೊದಲ ಸೀಳನ್ನು ಮಾವನೇ ಎಳೆಯಬೇಕು ಎಂದರು. ಎಳೆದ. ಒಟ್ಟಿಲು ಒಮ್ಮೆ ವಾಲಿ ಅವನ ಕಾಲ ಬುಡಕ್ಕೆ ಕುಸಿಯಿತು. ಧೂಳು ಇಳಿದಾಗ ಆಚೆ ಕಂಡದ್ದು ಬಚ್ಚಲು. ಅತ್ತೆ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಹಂಡೆಯಿಂದ ಹಬೆ ಏಳುತ್ತಿತ್ತು.

"ದೇವೇಂದ್ರಪ್ಪಾ, ಉಳದ ಕಟ್ಟಿಗಿ ಎಲ್ಲಿ ಹೋದ್ವೋ?" ಎಂದ ಕುಬೇರಪ್ಪ.

ಮಾವ ಹೆಂಡತಿಯ ಕಡೆ ಬೆರಳು ಚಾಚಿದ. ಅತ್ತೆ ಸೆರಗು ಎಳೆದುಕೊಂಡಳು, ನೀರು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. "ಮೂರ್ ತಿಂಗಳಾತು, ಮನ್ಯಾಗ ಬಾಣಂತಿ ಐತ್ರಿ. ಕಟ್ಟಿಗಿ ಎಲ್ಲಿ ಹೊಕ್ಕಾವು, ನೀವ ಹೇಳ್ರಿ ಯಜಮಾನ್ರ."

ಕುಬೇರಪ್ಪ ತಲೆ ತಗ್ಗಿಸಿದ. ಗುಂಪಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ಮರೆಯಾಗಿ ನಿಂತರು.

ಬಿದ್ದ ಒಂದು ಸಾಲು ಎಸರು ಕಾಯುವಷ್ಟರಲ್ಲಿ ಮುಗಿಯಿತು. ಆಗ ಅತ್ತೆ ಹಿತ್ತಲಿನಿಂದ, ಮಳೆ ನಿಂತ ಮೇಲೆ ತಾನು ಸೀಳಿ ಒಣಗಿಸಿಟ್ಟಿದ್ದ ಗಂಟುಗಳನ್ನು ಕಳಿಸಿದಳು. ನಿಗಿನಿಗಿ ಕೆಂಡವಾಗಿ ಸಂಜೆಯವರೆಗೆ ಉರಿದವು. ಪಂಕ್ತಿಗೆ ಬಡಿಸುವಾಗ ಕುಬೇರಪ್ಪ ಗಟ್ಟಿಯಾಗಿ, "ಕಟ್ಟಿಗಿ ಗದಿಗೆವ್ವಂದು!" ಎಂದು ಕೂಗಿದ.

ಮಾವ ನನ್ನ ಪಕ್ಕದಲ್ಲೇ ಕೂತಿದ್ದ. ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆದು, ಮೂಗು ಮುರಿದು ಹೇಳಿದ: "ಹುಗ್ಗಿ ಹೊಗಿ ವಾಸನಿ ಹೊಡಿತೈತಿ."

ಇಪ್ಪತ್ತು ವರ್ಷದಲ್ಲಿ ಅವನಿಗೆ ಹೊಗೆಯ ವಾಸನೆ ಬಡಿದದ್ದು ಅದೇ ಮೊದಲು.