ಟೈಲರಮ್ಮನ ತಮಿಳು

ಟೈಲರಮ್ಮನಿಗೆ ತಮಿಳು ಒಂದಕ್ಷರವೂ ಬಾರದು. ಆದರೂ ತಮಿಳು ಪ್ರೇಮಕಥೆಯ ಸಿನಿಮಾ ಬಂದರೆ ಬೀದಿಯ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಹೋಗಿ, ಸಾಲಿನ ನಡುವೆ ಕೂತು ಅರ್ಥ ಹೇಳುವವಳು ಅವಳೇ. ನಾಯಕಿ ಕಣ್ಣೀರಿಟ್ಟು ಹಾಡಿದರೆ, "ಊಟ ಮಾಡ್ದೆ ಹೋಗ್ಬೇಡ ಅಂತಿದಾಳೆ ಕಣ್ರೇ" ಎನ್ನುತ್ತಾಳೆ. ನಾಯಕ ರೈಲು ಹತ್ತಿದರೆ, "ಮದುವೆ ಬಟ್ಟೆ ತರೋಕೆ ಹೊರಟ!" ಎಂದು ಹಿಗ್ಗುತ್ತಾಳೆ. ಪಿಟೀಲು ಗೋಳಾಡಿದಷ್ಟೂ ಇವಳ ಸಾಲಿನಲ್ಲಿ ನಗು. ಅಗಲಿದ ಜೋಡಿಯನ್ನು ಕೂಡಿಸಿ, ಹುಟ್ಟಲಿರುವ ಮಗುವಿಗೆ ಹೆಸರಿಟ್ಟೇ ಎಲ್ಲರನ್ನೂ ಮನೆಗೆ ಕರೆತರುತ್ತಾಳೆ. ಪಕ್ಕದಲ್ಲೇ ಕೂರುವ ಗಂಡನ ಮನೆಮಾತು ತಮಿಳು, ಆತ ತುಟಿಪಿಟಕ್ಕೆನ್ನುವುದಿಲ್ಲ. "ನೀವಾದ್ರೂ ತಿದ್ದಬಾರದೇನಣ್ಣ?" ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿಯೇಬಿಟ್ಟಳು. ಆತ ನಾಚಿ ತಲೆ ಕೆರೆದುಕೊಂಡ: "ಮದುವೆಗೆ ಮುಂಚೆ, ಊರು ಬಿಟ್ಟು ಹೋಗ್ತೀನಿ ಅಂತ ಇವಳ ಮುಂದೆ ತಮಿಳಲ್ಲಿ ಹಾಡಿದ್ದೆ ತಾಯಿ. ನನ್ನ ಮದುವೆ ಆಗ್ತೀಯಾ ಅಂದೆ ಅಂದ್ಕೊಂಡು 'ಹೂಂ' ಅಂದ್ಬಿಟ್ಟಳು. ಅವತ್ತೇ ತಿದ್ದಲಿಲ್ಲ, ಇವತ್ತು ತಿದ್ದಲಾ?"