ಐಲಾಳ ಪೈ ಹರಾಜಾದ ಸಂಜೆ

"ನಾನು ಬಾಯಿ ಬಿಟ್ಟರೆ ಇಲ್ಲ ಅನ್ನೋ ನರಪ್ರಾಣಿ ಈ ಕೌಂಟಿಯಲ್ಲಿ ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದ ವರ್ಲಿನ್ ಟ್ಯಾಕೆಟ್.

ಪೂರಾ ಸುಳ್ಳೇನಲ್ಲ. ಮಿಸೌರಿಯ ನಮ್ಮ ಗುಡ್ಡಗಳಲ್ಲಿ ದನದ ಹರಾಜು ಕೂಗುತ್ತಿದ್ದವನು ಅವನೇ. ಆ ಕೂಗಿನ ರಭಸಕ್ಕೆ ಮುಂದಿನ ಸಾಲಿನವರ ಟೋಪಿ ಹಾರಿ ಹಿಂದಿನ ಸಾಲಿನವರ ತಲೆಯ ಮೇಲೆ ಕೂರುತ್ತಿತ್ತು. ಒಮ್ಮೆ ಒಂದು ಹೇಸರಗತ್ತೆಯನ್ನು, ಅದು ಯಾರ ಕಾಲು ಮುರಿದಿತ್ತೋ ಅವನಿಗೇ ಮಾರಿದ. ಆಸಾಮಿ ಕುಂಟುತ್ತಲೇ ಕೈಕುಲುಕಿ ಹೋದ.

ಇಪ್ಪತ್ತು ವರ್ಷ ನಿಂತೇ ದುಡಿದ ವರ್ಲಿನ್‌ಗೆ ಕೂತು ದುಡಿಯುವ ಆಸೆ ಹುಟ್ಟಿತು. ಐವತ್ನಾಲ್ಕನೇ ಇಸವಿಯಲ್ಲಿ ಕೌಂಟಿಯ ತೆರಿಗೆ ಅಧಿಕಾರಿಯ ಹುದ್ದೆಗೆ ಚುನಾವಣೆಗೆ ನಿಂತ. ಕಚೇರಿಯ ಆ ತಿರುಗುವ ಚರ್ಮದ ಕುರ್ಚಿಯನ್ನು ಕಿಟಕಿಯಿಂದ ಎಷ್ಟು ಸಲ ನೋಡಿ ಬಂದಿದ್ದನೋ! ಎದುರಾಳಿ ಡಾರ್ಸಿ ಪ್ರೂಯಿಟ್, ಕೌಂಟಿಯ ಆ ತುದಿಯವನು. ತನ್ನ ಹೆಸರು ಹೇಳುವಷ್ಟರಲ್ಲೇ ಎರಡು ಸಲ ಕೆಮ್ಮುವಂಥ ಮಾತುಗಾರ.

ಆಗೆಲ್ಲ ಚುನಾವಣೆ ಗೆಲ್ಲುತ್ತಿದ್ದದ್ದು ಶಾಲೆಯ ಪೈ ಹರಾಜಿನಲ್ಲಿ. ಹೆಂಗಸರು ಹಣ್ಣಿನ ಹೂರಣ ತುಂಬಿ ಬೇಯಿಸಿದ ಪೈ ತರುತ್ತಿದ್ದರು. ಚುನಾವಣೆಗೆ ನಿಂತ ಪ್ರತಿಯೊಬ್ಬನೂ ಒಂದನ್ನಾದರೂ ಕೊಂಡು, ಮಾಡಿದವಳ ಪಕ್ಕ ಕೂತು, ಎಲ್ಲರೆದುರು ತಿನ್ನಬೇಕು. ಹಣ ಶಾಲೆಗೆ, ಓಟು ತಿಂದವನಿಗೆ. ಆ ಲ್ಯಾಂಪುಗಳ ಬೆಳಕು, ಸುಟ್ಟ ಸಕ್ಕರೆಯ ಆ ಘಮ... ಈಗ ಅಲ್ಲಿ ಪೆಟ್ರೋಲ್ ಬಂಕಿದೆ.

"ಈ ಸಲ ಹರಾಜು ಬೇರೆಯವರು ಕೂಗಲಿ. ನೀನು ಕೆಳಗೆ ಕೂತು ಒಂದು ಪೈ ತಗೋ" ಎಂದಳು ಹೆಂಡತಿ ಐಲಾ.

"ನಾನಿಲ್ಲದೆ ಹರಾಜಾ? ಕೊನೇಲಿ ನಿನ್ನ ಪೈನೇ ತಗೋತೀನಿ ಬಿಡೆ. ಅದಕ್ಕೆ ಇನ್ಯಾರು ಬರ್ತಾರೆ?"

ನಿಜವೇ. ಸಕ್ಕರೆ ಸಿಗದ ಕಾಲದಲ್ಲಿ ಅಡುಗೆ ಕಲಿತ ಐಲಾ ಹುಳಿ ಗೂಸ್‌ಬೆರಿ ಹಣ್ಣಿನ ಪೈಗೆ ಚಿಟಿಕೆ ಸಕ್ಕರೆ ಹಾಕಿದರೆ ಅದೇ ದುಂದು. ಅದರ ವಾಸನೆಗೇ ಬೇಲಿಯಾಚೆಯ ಹಸುವಿನ ಹಾಲು ಒಡೆಯುತ್ತಿತ್ತು. ಇದು ಊರಿಗೆಲ್ಲ ಗೊತ್ತು, ಡಾರ್ಸಿಗೆ ಗೊತ್ತಿಲ್ಲ.

ಕೊನೆಯ ಪೈ ಮೇಜಿಗೆ ಬಂತು. "ಒಂದು ಡಾಲರ್, ನನ್ನದೇ!" ಎಂದ ವರ್ಲಿನ್. ಡಾರ್ಸಿ ಕೆಮ್ಮಿ, "ಮೂರು" ಎಂದ.

ಅಲ್ಲಿಗೆ ಸುಮ್ಮನೆ ನಾಲ್ಕು ಎಂದಿದ್ದರೆ ಸಾಕಿತ್ತು. ಆದರೆ ಬೇರೆಯವನ ಬಾಯಲ್ಲಿ ಬೆಲೆ ಕೇಳಿದ್ದೇ ತಡ, ವರ್ಲಿನ್‌ನ ನಾಲಿಗೆ ಹಗ್ಗ ಕಿತ್ತುಕೊಂಡಿತು. "ಮೂರು! ಮೂರೇ? ಇಂಥಾ ಪೈಗೆ ಮೂರೇನ್ರಪ್ಪಾ? ಐದು ಯಾರು?" ಯಾರೂ ಇಲ್ಲ, ಡಾರ್ಸಿಯೇ ಐದೆಂದ, ಡಾರ್ಸಿಯೇ ಹತ್ತೆಂದ. ಪಾಪ, ತನ್ನ ಮೇಲೆ ತಾನೇ ಏರಿಸುತ್ತಾ ಇಪ್ಪತ್ತೊಂದಕ್ಕೆ ಮುಟ್ಟಿದ. ವರ್ಲಿನ್ ಸುತ್ತಿಗೆ ಕುಟ್ಟಿ "ಹೋಯ್ತು!" ಎಂದ ಮೇಲೇ ಏನು ಹೋಯಿತೆಂದು ಅವನಿಗೆ ಹೊಳೆದದ್ದು. ಚುನಾವಣೆಗೆ ನಿಂತವರಲ್ಲಿ ಪೈ ಇಲ್ಲದವನು ಅವನೊಬ್ಬನೇ.

ಡಾರ್ಸಿ ಐಲಾಳ ಪಕ್ಕ ಕೂತು ಮೊದಲ ತುತ್ತಿಟ್ಟ. ಇಡೀ ಶಾಲೆ ಉಸಿರು ಬಿಗಿಹಿಡಿಯಿತು. ಅವನ ಕಣ್ಣಿಂದ ನೀರು ದಳದಳನೆ ಇಳಿಯಿತು, ಮುಖ ಮಾತ್ರ ಕಿವುಚಲಿಲ್ಲ. ಪೂರಾ ತಿಂದು, "ಇನ್ನೊಂದು ಚೂರು ಇದೆಯಾ ಅಮ್ಮಾ?" ಎಂದು ಕೇಳಿದ.

"ಶಾಲೆ ಮೇಲೆ ಎಷ್ಟು ಪ್ರೀತಿ ನೋಡೇ, ಅಳ್ತಿದಾನೆ!" ಎಂದು ದೂರದೂರಿನವರು ಕಣ್ಣೊರೆಸಿಕೊಂಡರು. "ಅದನ್ನ ನುಂಗಿದೋನು ಎಂಥಾ ಕಷ್ಟನಾದ್ರೂ ನುಂಗ್ತಾನೆ. ಇವನೇ ಸರಿ" ಎಂದರು ಊರಿನವರು.

ವರ್ಲಿನ್ ಒಂದೇ ಒಂದು ಓಟಿನಿಂದ ಸೋತ.

"ನೀನಾದ್ರೂ ನನಗೇ ಹಾಕ್ದೆ ತಾನೇ?" ಎಂದು ಕೇಳಿದ ಮನೆಯಲ್ಲಿ.

ಐಲಾ ಪಾತ್ರೆ ಉಜ್ಜುತ್ತಲೇ, "ಇಷ್ಟು ವರ್ಷದಲ್ಲಿ ಇನ್ನೊಂದು ಚೂರು ಕೊಡು ಅಂತ ಕೇಳಿದೋನು ಅವನೊಬ್ಬನೇ" ಎಂದಳು. ವರ್ಲಿನ್ ಮಾತಾಡಲಿಲ್ಲ. ನಮ್ಮ ಕೌಂಟಿಯ ಇತಿಹಾಸದಲ್ಲಿ ಅದೇ ಮೊದಲು.

ವರ್ಷಗಳು ಕಳೆದವು. ಹದಿನಾರು ವರ್ಷ ಆ ಕುರ್ಚಿ ತಿರುಗಿಸಿ ನಿವೃತ್ತನಾದ ಡಾರ್ಸಿ ಒಂದು ಬೆಳಿಗ್ಗೆ ಕಚೇರಿ ಮುಂದಿನ ಬೆಂಚಿನಲ್ಲಿ ವರ್ಲಿನ್‌ಗೆ ಸಿಕ್ಕಿದ. ಹೊಟ್ಟೆ ನೀವಿಕೊಂಡು ಕೆಣಕಿದ: "ನಿನ್ನ ಹೆಂಡತಿಯ ಒಂದೇ ಒಂದು ಪೈ ಕಣೋ ವರ್ಲಿನ್, ನನ್ನನ್ನ ದೊಡ್ಡ ಮನುಷ್ಯನ್ನ ಮಾಡ್ತು!"

ವರ್ಲಿನ್ ಟೋಪಿ ಸರಿಮಾಡಿಕೊಂಡ.

"ಒಂದು ತಿಂದಿದ್ದಕ್ಕೆ ನಿನಗೆ ಹದಿನಾರು ವರ್ಷ ಕುರ್ಚಿ ಕೊಟ್ರಲ್ಲೋ! ನಾನು ನಲವತ್ತು ವರ್ಷದಿಂದ ವಾರವಾರ ತಿಂತಾ ಇದೀನಿ. ನ್ಯಾಯವಾಗಿ ನೋಡಿದ್ರೆ ಇಷ್ಟೊತ್ತಿಗೆ ಈ ದೇಶದ ಅಧ್ಯಕ್ಷ ನನ್ನ ಮನೆಗೆ ಬಂದು ಹುಲ್ಲು ಕತ್ತರಿಸಬೇಕಿತ್ತು."