ಎಡಗಿವಿಯ ಗಾಯ

ನಮ್ಮ ಬೆಳಗಾವಿ ನಗರದ ವಸ್ತುಸಂಗ್ರಹಾಲಯದ ಆಡಳಿತ ಮಂಡಳಿ ಒಂದು ಸುಳ್ಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದೆ. ಆ ಸುಳ್ಳನ್ನು ಅಳಿಸಲೆಂದೇ ತಮ್ಮ ಕೊನೆಯ ವರ್ಷಗಳನ್ನು ಸವೆಸಿದ ನನ್ನ ಗುರುಗಳ ಹೆಸರನ್ನು ಅದರ ಕೆಳಗೆ ಹಿತ್ತಾಳೆಯ ಅಕ್ಷರಗಳಲ್ಲಿ ಕೂರಿಸಿದೆ. ಇದು ಅಜ್ಞಾನವಲ್ಲ, ತಿಳಿದೂ ಮಾಡಿದ ಅಪರಾಧ.

ಅವರ ಬಲಗೈ ಹೆಬ್ಬೆರಳಿನ ಉಗುರಂಚಿನಲ್ಲಿ ತೊಳೆದರೂ ಹೋಗದ ಕಪ್ಪು ಗೆರೆಯೊಂದಿತ್ತು. ಊರೂರು ಅಲೆದು, ಶಾಸನಗಳ ಮೇಲೆ ಕಾಗದ ಹಾಸಿ, ಮಸಿ ಒತ್ತಿ ಅಚ್ಚು ತೆಗೆದ ಗುರುತು. ಎಂಬತ್ತರ ದಶಕದ ಆರಂಭದಲ್ಲಿ ಅವರು ನಮಗೆ ಇತಿಹಾಸ ಕಲಿಸುವಾಗ ಆ ಹೆಬ್ಬೆರಳನ್ನೇ ಎತ್ತಿ ಹೇಳುತ್ತಿದ್ದರು: "ಮೊದಲ ನೋಡ್ರಿ, ಆಮ್ಯಾಲ ಕಥಿ ಹೇಳ್ರಿ." ಯಾರಾದರೂ ನೋಡದೆ ವಿವರಿಸತೊಡಗಿದರೆ, "ಪುರಾಣ ಹೇಳಾಕ ಬಂದೀಯೇನಪಾ? ಶಾಲು ತರಸ್ಲೇನು?" ಎಂದು ಕಾಲೆಳೆಯುತ್ತಿದ್ದರು.

ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಆ ಸಂಗ್ರಹಾಲಯಕ್ಕೆ ಕರೆದೊಯ್ದು ಕಂಚಿನ ಪಾರ್ಶ್ವನಾಥನ ಮುಂದೆ ನಿಲ್ಲಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಖಾಸಬಾಗದ ಒಬ್ಬ ವ್ಯಾಪಾರಿ ದಾನ ಕೊಟ್ಟ ಮೂರ್ತಿಯದು. ಸಾವಿರ ವರ್ಷ ಹಳೆಯದೆಂದು ಪ್ರಮಾಣಪತ್ರ ಬರೆದವರು ನಮ್ಮ ಗುರುಗಳೇ. ಜೈನ ಮನೆತನದ ಅವರು ಮೊದಲು ಕೈಮುಗಿದು, ಆಮೇಲೆ ಮೂರ್ತಿಯ ತುಂಡಾದ ಎಡಗಿವಿಯನ್ನು ತೋರಿಸುತ್ತಿದ್ದರು. ಯಾವುದೋ ದಾಳಿಯಲ್ಲಿ ಬಿದ್ದ ಏಟು, ಯಾರೋ ಭಕ್ತರು ಮಣ್ಣಲ್ಲಿ ಹೂತು ಉಳಿಸಿಕೊಂಡ ದೇವರು ಎಂದು ಅವರು ಹೇಳುವಾಗ ನಾವೂ ಕೈಮುಗಿಯುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಶಾಸನವೊಂದರ ಅಚ್ಚು ತೆಗೆಯಲು ಅವರ ಜೊತೆ ಖಾನಾಪುರದ ಕಡೆಯ ಹಳ್ಳಿಗೆ ಹೋಗಿದ್ದೆ. ಆ ಶಾಸನದ ಕಲ್ಲಿದ್ದ ಹೊಲದ ರೈತ ಮನೆಗೆ ಕರೆದು ಚಹಾ ಕೊಟ್ಟ. ಹಿತ್ತಲಲ್ಲಿ ಅವನ ಆಳುಗಳು ತಿಪ್ಪೆ ತೋಡಿ ಗೊಬ್ಬರವನ್ನು ಚಕ್ಕಡಿಗೆ ತುಂಬುತ್ತಿದ್ದರು. ಸಲಿಕೆಗೆ ಏನೋ ಠಣ್ಣೆಂದಿತು. ಸಗಣಿಯೊಳಗಿಂದ ಒಂದು ಪಾರ್ಶ್ವನಾಥ ಮೇಲೆ ಬಂದ. ಅದರ ಹಿಂದೆ ಇನ್ನೆರಡು. ಮೂರಕ್ಕೂ ಎಡಗಿವಿ ಅದೇ ಜಾಗದಲ್ಲಿ ತುಂಡಾಗಿತ್ತು.

ಗುರುಗಳು ಎದ್ದು ಕೈಚಾಚಿದರು. ರೈತ ಗಾಬರಿಯಾಗಿ ತಡೆದ. "ಮುಟ್ಟಬ್ಯಾಡ್ರಿ ಸಾಹೇಬ್ರ. ಇನ್ನೂ ಮಾಗಿಲ್ಲ. ಇನ್ನೊಂದು ಮಳಿಗಾಲ ದಾಟಬೇಕು ಅಂದಾರ."

"ಯಾರು ಅಂದಾರ?"

"ಖಾಸಬಾಗದ ಸೇಠರು. ತಿಪ್ಪ್ಯಾಗ ಇಟ್ರ ಬಣ್ಣ ಹಳೇದಾಗತೈತಂತ. ಇದರ ಅಣ್ಣ ಬೆಳಗಾವ್ಯಾಗ ಕಾಚಿನ ಪೆಟಿಗ್ಯಾಗ ಕುಂತಾನಂತಲ್ರಿ?"

ಆತನಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ. ಬೆಳಗಾವಿ ಪಕ್ಕದ ಮಚ್ಛೆಯ ಒಂದು ಶೆಡ್ಡಿನಲ್ಲಿ ಎರಕ ಹೊಯ್ಯುತ್ತಾರೆಂಬುದನ್ನೂ, ಹದಕ್ಕೆ ಬಂದವನ್ನು ಸೇಠರು ಮುಂಬೈಗೆ ಮಾರುತ್ತಾರೆಂಬುದನ್ನೂ ಅವನೇ ಹೇಳಿದ. ಇತಿಹಾಸದ ಏಟೆಂದು ನಾವು ನಂಬಿದ್ದ ಗಾಯ ಎರಕದ ಅಚ್ಚಿನದೇ ದೋಷವಾಗಿತ್ತು. ಶಾಸನದ ಅಚ್ಚು ತೆಗೆಯದೆ ಹಿಂದಿರುಗಿದೆವು. ಬಸ್ಸಿನಲ್ಲಿ ಗುರುಗಳು ಒಂದೇ ಮಾತಾಡಿದರು: "ನಾನು ಮೊದಲ ಕಥಿ ಕಟ್ಟಿದೆ ನೋಡು."

ಮರುದಿನವೇ ಪ್ರಮಾಣಪತ್ರವನ್ನು ಹಿಂಪಡೆಯಲು ಹೋದರು. ಸಂಗ್ರಹಾಲಯದ ಮುಖ್ಯಸ್ಥರು ಎದ್ದು ನಿಂತು ಕುರ್ಚಿ ಕೊಟ್ಟರು, ಆದರೆ ಪತ್ರ ಕೊಡಲಿಲ್ಲ. "ಆವಾಗ ಖರೇ ಅಂದ್ರಿ, ಈಗ ಖೋಟಾ ಅಂತೀರಿ. ಯಾವ ನಿಮ್ಮನ್ನ ನಂಬೂಣು ಸರ್?"

"ಈಗಿನವನನ್ನ ನಂಬ್ರಿ. ಆವಾಗಿನವನಿಗೆ ಹೊಗಳಿಸಿಕೊಳ್ಳೂ ಹುಚ್ಚಿತ್ತು."

ಅವರು ನಂಬಲಿಲ್ಲ. ನಂಬುವುದು ಯಾರಿಗೂ ಬೇಕಿರಲಿಲ್ಲ. ದಾನಿ ಅಷ್ಟರಲ್ಲಿ ಮಂಡಳಿಯ ಸದಸ್ಯನಾಗಿದ್ದ. ಗಾಜಿನ ಪೆಟ್ಟಿಗೆಯ ಫೋಟೋ ತೋರಿಸಿಯೇ ಅವನು ಅದರ ತಮ್ಮಂದಿರನ್ನು ಮಾರುತ್ತಿದ್ದ. ಅಲ್ಲಿಂದ ಪ್ರತಿ ಭಾನುವಾರ ಗುರುಗಳು ಟಿಕೆಟ್ ತೆಗೆಸಿ ಒಳಹೋಗಿ, ಪೆಟ್ಟಿಗೆಯ ಬಾಜು ನಿಂತು, ಬಂದವರಿಗೆಲ್ಲ ಮೆಲುದನಿಯಲ್ಲಿ ಹೇಳತೊಡಗಿದರು: "ಇದು ಖೋಟಾ ಐತ್ರಿ. ಖರೇ ಅಂತ ಬರದಾವ ನಾನೇ." ಕೆಲವರು ನಕ್ಕರು. ಹುಚ್ಚು ಹಿಡಿದಿದೆ ಎಂಬ ಸುದ್ದಿಯನ್ನು ಸಹೋದ್ಯೋಗಿಗಳೇ ಹಬ್ಬಿಸಿದರು. ಒಂದು ಭಾನುವಾರ ಬಾಗಿಲು ಕಾಯುವವನು ತಲೆತಗ್ಗಿಸಿ, ತಮ್ಮನ್ನು ಒಳಗೆ ಬಿಡಬಾರದೆಂದು ಮೇಲಿನಿಂದ ಹೇಳಿದ್ದಾರೆ ಎಂದ. ಗುರುಗಳು ಅವನ ಹೆಗಲು ತಟ್ಟಿ, ಅಂದಿನಿಂದ ಗೇಟಿನ ಹೊರಗೆ ನಿಂತು ಅದೇ ಮಾತನ್ನು ಹೇಳುತ್ತ ಬಂದರು, ಕಾಯಿಲೆ ಮಲಗಿಸುವ ತನಕ.

ಅವರು ತೀರಿಕೊಂಡ ದಿನ ಎಲ್ಲರಿಗಿಂತ ದೊಡ್ಡ ಹಾರ ತಂದವರು ಆ ಮುಖ್ಯಸ್ಥರು. ತಿಂಗಳು ಕಳೆಯುವುದರೊಳಗೆ ಪಾರ್ಶ್ವನಾಥನ ಕೆಳಗೆ ಹೊಸ ಫಲಕ ಬಂತು. 'ಈ ಅಮೂಲ್ಯ ಪ್ರಾಚೀನ ವಿಗ್ರಹವನ್ನು ಗುರುತಿಸಿದ ವಿದ್ವಾಂಸರ ಸ್ಮರಣಾರ್ಥ' ಎಂದು ಬರೆದು, ಅದರ ಕೆಳಗೆ ಅವರ ಹೆಸರು. ಬದುಕಿದ್ದಾಗ ಗೇಟಿನ ಹೊರಗಿಟ್ಟವರು, ಸತ್ತ ಮೇಲೆ ಸಾಕ್ಷಿಗೆ ಒಳಕರೆದರು.

ನೋಡುವುದನ್ನು ನನಗೆ ಕಲಿಸಿದವರು ಅವರು. ಆ ಋಣದ ಬಲದಿಂದ ಮಂಡಳಿಯನ್ನು ಬಹಿರಂಗವಾಗಿ ಕೇಳುತ್ತೇನೆ: ಪ್ರಮಾಣಪತ್ರ ಬರೆದವರೇ ಅದನ್ನು ತಳ್ಳಿಹಾಕಿದ್ದನ್ನು ಏಕೆ ಮುಚ್ಚಿಟ್ಟಿರಿ? ಇದೇ ಅಚ್ಚಿನ ಎಷ್ಟು ಮೂರ್ತಿಗಳು ನಿಮ್ಮ ಗಾಜಿನ ನೆರಳಲ್ಲಿ ಮಾರಾಟವಾದವು? ಲಿಖಿತ ಉತ್ತರ ಕೊಡಬೇಕು. ದಾನಿಯ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟು ಹೊರಗಿನ ತಜ್ಞರಿಂದ ತನಿಖೆ ನಡೆಸಬೇಕು. ಮೂರ್ತಿಯನ್ನು ಇಳಿಸಬೇಡಿ, ಅವರ ಹೆಸರನ್ನೂ ತೆಗೆಯಬೇಡಿ. ಫಲಕದ ಮಾತನ್ನಷ್ಟೇ ತಿದ್ದಿ: 'ಇದು ಖೋಟಾ. ಖರೆಯೆಂದು ಬರೆದವರು ಇವರು. ಖೋಟಾ ಎಂದು ಸಾರಿದವರೂ ಇವರೇ.'